ಕಾಲು ತೆಗೆದ್ರೂ ಗಾಡಿ ಯಾಕೆ ರೇಸ್ ಆಗುತ್ತೆ? ಇಂಜಿನ್ನಿನ ನೀರುಗಂಟಿಯ ಕಥೆ

ಕಾರು ಓಡಿಸ್ತಾ ಕೇಳ್ತಿದ್ರೆ ಇನ್ನೂ ಒಳ್ಳೇದು, ಯಾಕಂದ್ರೆ ಇವತ್ತಿನ ವಿಷಯ ನಿಮ್ಮ ಬಲಗಾಲಿನ ಕೆಳಗೇ ಇದೆ.

ಒಂದು ದೂರಿನಿಂದ ಶುರು ಮಾಡೋಣ. ಸಿಗ್ನಲ್ ಬಂತು. ಎಕ್ಸಲೇಟರ್‌ನಿಂದ ಕಾಲು ತೆಗೆದ್ರಿ, ಗೇರ್ ನ್ಯೂಟ್ರಲ್‌ಗೆ ಹಾಕಿದ್ರಿ. ಆರ್‌ಪಿಎಂ ಮುಳ್ಳು 800ರ ಹತ್ತಿರ ಇಳೀಬೇಕು. ಇಳೀತಿಲ್ಲ. 1,800, 2,000 ಅಂತ ಅಲ್ಲೇ ನಿಂತಿದೆ. ಇಂಜಿನ್ ಸುಮ್ಮನೆ ಕೂಗ್ತಿದೆ. ಪಕ್ಕದ ಆಟೋದವರು ತಿರುಗಿ ನೋಡ್ತಾರೆ. ಗ್ಯಾರೇಜಿಗೆ ಹೋದ್ರೆ ‘ಐಡ್ಲಿಂಗ್ ಜಾಸ್ತಿ ಆಗಿದೆ ಸಾ’, ‘ರೇಸ್ ಹಿಡ್ಕೊಂಡೈತೆ’ ಅಂತಾರೆ.

ಇದು ಇವತ್ತಿನ ಕಾಯಿಲೆ ಅಂದ್ಕೋಬೇಡಿ. ಕಾರು ಹುಟ್ಟೋಕೆ ಮುಂಚೆಯೇ ಇದು ಹುಟ್ಟಿತ್ತು. ಇದಕ್ಕೆ ಮದ್ದು ಹುಡುಕೋಕೆ ಹೋಗಿಯೇ ಒಂದು ಹೊಸ ವಿಜ್ಞಾನ ಬೆಳೀತು. ಆ ಕಥೇನ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ರಸ್ತೆಗಳಲ್ಲೇ ನಿಂತು ಹೇಳಬಹುದು. ಕೊನೇಲಿ ಎರಡು ಕೆಲಸದ ಮಾತೂ ಇದೆ: ಈ ತೊಂದರೆ ಬಂದ್ರೆ ಯಾವುದನ್ನ ಮೊದಲು ನೋಡಬೇಕು, ಓಡ್ತಿರುವಾಗಲೇ ಥ್ರಾಟಲ್ ಹಿಡ್ಕೊಂಡ್ರೆ ಜೀವ ಹೇಗೆ ಉಳಿಸ್ಕೋಬೇಕು. ಅಲ್ಲೀವರೆಗೂ ಜೊತೇಲಿರಿ.

ತೂಬು ಮತ್ತು ನೀರುಗಂಟಿ

ಮೊದಲು ಥ್ರಾಟಲ್ ಅಂದ್ರೇನು ಅಂತ ನೋಡೋಣ. ಇಂಗ್ಲಿಷಿನಲ್ಲಿ ಆ ಪದಕ್ಕೂ ಗಂಟಲಿಗೂ ನಂಟಿದೆ. ಇಂಜಿನ್ನಿನ ಗಂಟಲನ್ನ ಬಿಗಿ ಮಾಡೋದು, ಸಡಿಲ ಬಿಡೋದು ಅದರ ಕೆಲಸ. ಗಾಳಿ ಒಳಗೆ ಹೋಗೋ ಕೊಳವೆಯಲ್ಲಿ ಒಂದು ದುಂಡನೆ ತಗಡಿನ ಬಿಲ್ಲೆ, ಅದರ ನಡುವೆ ಒಂದು ಸರಳು. ಸರಳು ತಿರುಗಿದ್ರೆ ಬಿಲ್ಲೆ ಚಿಟ್ಟೆಯ ರೆಕ್ಕೆ ಥರ ವಾಲುತ್ತೆ. ಅದಕ್ಕೇ ಅದನ್ನ ಬಟರ್‌ಫ್ಲೈ ಅಂತಾರೆ.

ತುಂಬಾ ಜನ ಎಕ್ಸಲೇಟರ್ ಒತ್ತಿದ್ರೆ ಪೆಟ್ರೋಲ್ ಸುರಿಯುತ್ತೆ ಅಂದ್ಕೊಂಡಿರ್ತಾರೆ. ಪೆಟ್ರೋಲ್ ಕಾರಲ್ಲಿ ನಮ್ಮ ಕಾಲು ತೆರೆಯೋದು ಗಾಳಿಯ ಬಾಗಿಲನ್ನ. ಗಾಳಿ ಎಷ್ಟು ಬಂತೋ ಅದಕ್ಕೆ ತಕ್ಕ ಪೆಟ್ರೋಲನ್ನ ಇಂಜಿನ್ನು ತಗೊಳ್ಳುತ್ತೆ. ಈ ಒಂದು ಮಾತು ನೆನಪಿರಲಿ, ಮುಂದೆ ಬೇಕಾಗುತ್ತೆ.

ಮಂಡ್ಯ ಕಡೆಯವರಿಗೆ ಇದನ್ನ ಹೇಳೋದು ಸುಲಭ. ನಾಲೆ ಇದೆ, ತೂಬು ಇದೆ. ತೂಬು ಎತ್ತಿದ್ರೆ ಗದ್ದೆಗೆ ನೀರು, ಇಳಿಸಿದ್ರೆ ಬಂದ್. ತೂಬು ನೋಡ್ಕೊಳ್ಳೋಕೆ ಊರಿಗೊಬ್ಬ ನೀರುಗಂಟಿ ಇರ್ತಿದ್ದ. ಯಾವ ಗದ್ದೆಗೆ ಎಷ್ಟು, ಯಾವಾಗ ಅನ್ನೋದು ಅವನ ಲೆಕ್ಕ. ಥ್ರಾಟಲ್ ಅಂದ್ರೆ ತೂಬು. ಹಾಗಾದ್ರೆ ನೀರುಗಂಟಿ ಯಾರು? ಗಾಡಿ ಓಡುವಾಗ ನೀವೇ. ಕಾಲು ತೆಗೆದ ಮೇಲೆ? ತೂಬು ಪೂರ್ತಿ ಮುಚ್ಚಿದ್ರೆ ಇಂಜಿನ್ ಉಸಿರು ಕಟ್ಟಿ ನಿಂತೇ ಹೋಗುತ್ತೆ. ಸ್ವಲ್ಪ ಸೋರುತ್ತಾ ಇರಬೇಕು. ಆ ಸೋರಿಕೆಯೇ ಐಡ್ಲಿಂಗ್. ಎಷ್ಟು ಸೋರಬೇಕು, ಎ.ಸಿ. ಹಾಕಿದಾಗ ಎಷ್ಟು, ಬೆಳಗಿನ ಚಳೀಲಿ ಎಷ್ಟು ಅಂತ ಯಾರಾದ್ರೂ ನೋಡ್ಕೋಬೇಕಲ್ಲ? ಇವತ್ತಿನ ಕಥೆ ಆ ನೀರುಗಂಟಿಯದ್ದು.

1788: ಲಂಡನ್ನಿನ ಗಿರಣಿ, ವರ್ಸೇಲ್ಸ್‌ನ ಅರಮನೆ

ಇಸವಿ 1788. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಆಳ್ತಿದ್ದ. ಅವನ ಮೂವರು ರಾಯಭಾರಿಗಳು ಹಡಗು ಹತ್ತಿ ಫ್ರಾನ್ಸಿಗೆ ಹೋಗಿದ್ರು. ಆ ವರ್ಷದ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ 16ನೇ ಲೂಯಿಯನ್ನ ಭೇಟಿ ಮಾಡಿದ್ರು. ಬ್ರಿಟಿಷರ ವಿರುದ್ಧ ಸೈನ್ಯದ ಸಹಾಯ ಬೇಕು ಅನ್ನೋದು ಮುಖ್ಯ ಕೋರಿಕೆ. ಅದರ ಜೊತೆಗೆ ಟಿಪ್ಪು ಕೇಳಿದ್ದು ಕುಶಲಕರ್ಮಿಗಳನ್ನ. ಸೈನ್ಯ ಸಿಗಲಿಲ್ಲ, ಒಂದಷ್ಟು ಕಸುಬುದಾರರು ಮಾತ್ರ ಮೈಸೂರಿನ ಕಡೆ ಬಂದ್ರು. ಪಾಂಡವಪುರಕ್ಕೆ ಬ್ರಿಟಿಷರ ಕಾಲದಲ್ಲಿ ‘ಫ್ರೆಂಚ್ ರಾಕ್ಸ್’ ಅಂತ ಹೆಸರಿತ್ತು, ಗೊತ್ತಲ್ವಾ? ಹೈದರ್, ಟಿಪ್ಪು ಕಾಲದ ಫ್ರೆಂಚ್ ಸೈನಿಕರು ಅಲ್ಲಿನ ಬಂಡೆಗಳ ಹತ್ತಿರ ಬೀಡು ಬಿಟ್ಟಿದ್ದರಿಂದ ಬಂದ ಹೆಸರು. ನಮ್ಮವರು ಹಿರೋಡೆ ಅಂತಿದ್ರು.

ಅದೇ 1788ರಲ್ಲಿ ಲಂಡನ್ನಿನ ಆಲ್ಬಿಯನ್ ಮಿಲ್ ಅನ್ನೋ ಹಿಟ್ಟಿನ ಗಿರಣಿಯಲ್ಲಿ ಮ್ಯಾಥ್ಯೂ ಬೌಲ್ಟನ್ ಒಂದು ಸಾಧನ ನೋಡಿದ. ತಿರುಗೋ ಕಂಬಕ್ಕೆ ಎರಡು ಕಬ್ಬಿಣದ ಗುಂಡು ಜೋತು ಬಿದ್ದಿವೆ. ವೇಗ ಜಾಸ್ತಿ ಆದ್ರೆ ಗುಂಡುಗಳು ಹೊರಗೆ ಚಿಮ್ಮುತ್ತವೆ, ಕಮ್ಮಿ ಆದ್ರೆ ಒಳಕ್ಕೆ ಇಳಿಯುತ್ತವೆ. ಅಲ್ಲಿ ಅದರಿಂದ ಬೀಸೋ ಕಲ್ಲುಗಳ ನಡುವಿನ ಅಂತರ ಹೊಂದಿಸ್ತಿದ್ರು. ಬೌಲ್ಟನ್ ಈ ವಿಷಯವನ್ನ ತನ್ನ ಪಾಲುದಾರನಿಗೆ ಬರೆದ. ಆ ಪಾಲುದಾರ ಜೇಮ್ಸ್ ವ್ಯಾಟ್.

ವ್ಯಾಟ್ ಅದನ್ನ ತನ್ನ ಹಬೆ ಇಂಜಿನ್ನಿಗೆ ಕೂರಿಸಿದ. ಗುಂಡುಗಳ ಚಲನೆಯನ್ನ ಸನ್ನೆಗಳ ಮೂಲಕ ಹಬೆಯ ಕೊಳವೆಯಲ್ಲಿದ್ದ ಥ್ರಾಟಲ್ ಬಿಲ್ಲೆಗೆ ಜೋಡಿಸಿದ. ಇಂಜಿನ್ ಓಟ ಜಾಸ್ತಿ ಆಯ್ತು, ಗುಂಡು ಮೇಲೆದ್ದವು, ಬಿಲ್ಲೆ ಮುಚ್ಚಿಕೊಳ್ತು, ಹಬೆ ಕಮ್ಮಿ ಆಯ್ತು, ವೇಗ ಇಳೀತು. ಪಕ್ಕದಲ್ಲಿ ನಿಂತು ಕೈಯಲ್ಲಿ ತಿರುಗಿಸೋ ಆಳು ಬೇಡ. ಇದಕ್ಕೆ ಗವರ್ನರ್ ಅಂತ ಹೆಸರಾಯ್ತು. ಇಂಜಿನ್ನಿಗೆ ಸಿಕ್ಕಿದ ಮೊದಲ ನೀರುಗಂಟಿ ಇವನೇ. ನಿಮ್ಮ ಕಾರಿನಲ್ಲಿ ಇವತ್ತು ಕಂಪ್ಯೂಟರ್ ಮಾಡ್ತಿರೋದೂ ಇದನ್ನೇ: ವೇಗ ನೋಡು, ಬೇಕಾದ್ದಕ್ಕೆ ಹೋಲಿಸು, ಬಾಗಿಲು ಸರಿಪಡಿಸು, ಮತ್ತೆ ನೋಡು.

ಇಂಜಿನ್ ‘ಉಯ್ಯಾಲೆ’ ಆಡಿದಾಗ

ಆದ್ರೆ ಈ ನೀರುಗಂಟಿಗೂ ಒಂದು ಚಾಳಿ ಇತ್ತು. ಕೆಲವು ಇಂಜಿನ್‌ಗಳಲ್ಲಿ ವೇಗ ಒಂದೇ ಕಡೆ ನಿಲ್ತಿರಲಿಲ್ಲ. ಏರುತ್ತೆ, ಇಳಿಯುತ್ತೆ, ಮತ್ತೆ ಏರುತ್ತೆ. ಗವರ್ನರ್ ತಡವಾಗಿ ಮುಚ್ತಾನೆ, ಜಾಸ್ತಿ ಮುಚ್ತಾನೆ, ಗಾಬರಿಯಾಗಿ ಮತ್ತೆ ಜಾಸ್ತಿ ತೆಗೀತಾನೆ. ಇವತ್ತಿಗೂ ಕೆಲವು ಕಾರು ಸಿಗ್ನಲ್‌ನಲ್ಲಿ ನಿಂತಾಗ ವೂಂ... ವೂಂ... ಅಂತ ತಾನೇ ಏರಿಳಿಯೋದನ್ನ ಕೇಳಿರ್ತೀರಿ. ಅದೇ ಕಾಯಿಲೆ.

1868ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಈ ಬಗ್ಗೆ ಒಂದು ಪ್ರಬಂಧ ಬರೆದ. ಬೆಳಕು ವಿದ್ಯುತ್ಕಾಂತೀಯ ಅಲೆ ಅಂತ ಹೇಳಿದ ಅದೇ ಮ್ಯಾಕ್ಸ್‌ವೆಲ್. ಪ್ರಬಂಧದ ಹೆಸರು ‘ಆನ್ ಗವರ್ನರ್ಸ್’. ಯಾವಾಗ ಈ ಏರಿಳಿತ ತಣ್ಣಗಾಗುತ್ತೆ, ಯಾವಾಗ ಹದ್ದು ಮೀರುತ್ತೆ ಅಂತ ಗಣಿತದಲ್ಲಿ ತೋರಿಸಿದ. ಇವತ್ತಿನ ನಿಯಂತ್ರಣ ವಿಜ್ಞಾನದ ಬೇರು ಅಲ್ಲಿದೆ ಅಂತ ಇಂಜಿನಿಯರಿಂಗ್ ಪುಸ್ತಕಗಳು ಹೇಳ್ತವೆ. 1948ರಲ್ಲಿ ನಾರ್ಬರ್ಟ್ ವೀನರ್ ಈ ವಿದ್ಯೆಗೆ ‘ಸೈಬರ್ನೆಟಿಕ್ಸ್’ ಅಂತ ಹೆಸರಿಟ್ಟ. ಗ್ರೀಕಿನಲ್ಲಿ ಅದರ ಮೂಲ ಪದದ ಅರ್ಥ ಹಡಗಿನ ಚುಕ್ಕಾಣಿ ಹಿಡಿಯುವವನು. ‘ಗವರ್ನರ್’ ಕೂಡ ಅದೇ ಪದದಿಂದ ಬಂದದ್ದು. ಸೈಬರ್ ಸೆಂಟರ್, ಸೈಬರ್ ಕ್ರೈಮ್ ಅಂತೆಲ್ಲ ನಾವು ಹೇಳ್ತೀವಲ್ಲ, ಆ ‘ಸೈಬರ್’ನ ದೂರದ ಅಜ್ಜ ಹಬೆ ಇಂಜಿನ್ನಿನ ಮೇಲೆ ಗಿರಗಿರ ಸುತ್ತುತ್ತಿದ್ದ ಎರಡು ಗುಂಡು.

ನಮ್ಮ ನೆಲದಲ್ಲಿ ನೀರುಗಂಟಿಗಳು

ಈಗ ಮಂಡ್ಯಕ್ಕೆ ಬರೋಣ. 1902ರ ಜೂನ್‌ನಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರೀತು. ದೂರ ಸುಮಾರು 92 ಮೈಲಿ. ಯೋಚನೆ ಮಾಡಿ: ಗಣಿಯಲ್ಲಿ ಯಂತ್ರ ಒಮ್ಮೆಗೇ ನಿಂತ್ರೆ ಇಲ್ಲಿ ನೀರಿನ ಚಕ್ರದ ಮೇಲಿನ ಭಾರ ಒಮ್ಮೆಗೇ ಇಳಿಯುತ್ತೆ. ನೀರಿನ ರಭಸ ಮಾತ್ರ ಹಾಗೇ ಇರುತ್ತೆ. ತಡೆಯೋರಿಲ್ಲದಿದ್ರೆ ಚಕ್ರ ಹುಚ್ಚೆದ್ದು ತಿರುಗುತ್ತೆ. ಅದಕ್ಕೇ ಜಲವಿದ್ಯುತ್ ಚಕ್ರಗಳಿಗೆ ಗವರ್ನರ್ ಬೇಕೇ ಬೇಕು. ಕಾಲು ತೆಗೆದ್ರೂ ಇಳಿಯದ ಆರ್‌ಪಿಎಂ ಅನ್ನೋ ಭಯ ಆಗಲೇ ಇತ್ತು.

ವಿಶ್ವೇಶ್ವರಯ್ಯನವರು ಇದೇ ತತ್ವವನ್ನ ನೀರಿಗೆ ಇನ್ನೊಂದು ರೀತಿ ಹಚ್ಚಿದ್ರು. ನೀರಿನ ಮಟ್ಟ ಏರಿದ್ರೆ ತಾನಾಗೇ ತೆರೆದುಕೊಳ್ಳೋ, ಇಳಿದ್ರೆ ತಾನಾಗೇ ಮುಚ್ಚಿಕೊಳ್ಳೋ ಗೇಟು ಅವರ ಕಲ್ಪನೆ. 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಮೊದಲು ಹಾಕಿದ್ದು. ಆಮೇಲೆ ನಮ್ಮ ಕನ್ನಂಬಾಡಿ ಕಟ್ಟೆಗೂ ಸ್ವಯಂಚಾಲಿತ ಗೇಟು ಬಂದವು. ಕೆಆರ್‌ಎಸ್ ನೋಡೋಕೆ ಹೋದಾಗ ಬೃಂದಾವನದ ಕಾರಂಜಿ ಮುಂದೆ ಸೆಲ್ಫಿ ತಗೊಳ್ಳಿ, ಬೇಡ ಅನ್ನಲ್ಲ. ಕಟ್ಟೆ ಕಡೆಗೂ ಒಂದು ಸಲ ತಿರುಗಿ ನೋಡಿ.

ಕಟ್ಟೆಯಿಂದ ನಾಲೆ, ನಾಲೆಯಿಂದ ಕಬ್ಬು, ಕಬ್ಬಿನಿಂದ ಆಲೆಮನೆ. ಪಾಂಡವಪುರ, ಕೆ.ಆರ್.ಪೇಟೆ ಕಡೆ ಡೀಸೆಲ್ ಇಂಜಿನ್ನಿನ ಆಲೆಮನೆ ನೋಡಿದವರಿಗೆ ಈ ಶಬ್ದ ನೆನಪಿರುತ್ತೆ. ಗಾಣಕ್ಕೆ ಕಬ್ಬು ಕೊಡೋಕೆ ಮುಂಚೆ ಇಂಜಿನ್ ಟುಕ್ ಟುಕ್ ಅಂತ ಹಗುರವಾಗಿ ಓಡ್ತಿರುತ್ತೆ. ಒಂದು ಹಿಡಿ ಕಬ್ಬು ಗಾಣಕ್ಕೆ ಹೋದ ತಕ್ಷಣ ಶಬ್ದ ಭಾರ ಆಗುತ್ತೆ, ಡುಗ್ ಡುಗ್ ಡುಗ್. ಆದ್ರೂ ಇಂಜಿನ್ ನಿಲ್ಲಲ್ಲ. ಯಾರೂ ಎಕ್ಸಲೇಟರ್ ಒತ್ತಿಲ್ಲ. ಒಳಗಿರೋ ಗವರ್ನರ್ ಭಾರ ಗುರುತಿಸಿ ಡೀಸೆಲ್ ಜಾಸ್ತಿ ಬಿಟ್ಟಿದ್ದಾನೆ. ವ್ಯಾಟ್‌ನ ಗುಂಡುಗಳೇ ಬೇರೆ ವೇಷದಲ್ಲಿ ಬೆಲ್ಲ ಮಾಡ್ತಿದ್ವು ಅನ್ನಿ.

ಟ್ರ್ಯಾಕ್ಟರ್, ಲಾರಿಗಳಲ್ಲೂ ಅಷ್ಟೇ. 1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಶುರುವಾಯ್ತು. ಅದೇ ಎಲ್ಲರ ಬಾಯಲ್ಲಿ ‘ಮೈಕೋ’. ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪ್ ಮಾಡ್ತಿತ್ತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಅಂತಾಯ್ತು. ಹಳೇ ಮೆಕ್ಯಾನಿಕ್‌ಗಳ ಬಾಯಲ್ಲಿ ಇವತ್ತಿಗೂ ಅದು ಮೈಕೋ ಪಂಪೇ. ಆ ಪಂಪಿನ ಬೆನ್ನಿಗೆ ಅಂಟಿಕೊಂಡಿರೋದೂ ಒಬ್ಬ ಗವರ್ನರ್.

ಒಂದು ಸ್ಕ್ರೂ, ಒಂದು ಕಿವಿ

ಪೆಟ್ರೋಲ್ ಕಾರಿನ ದಾರಿ ಸ್ವಲ್ಪ ಬೇರೆ. 1886ರಲ್ಲಿ ಕಾರ್ಲ್ ಬೆಂಜ್ ತನ್ನ ಕಾರಿಗೆ ಪೇಟೆಂಟ್ ತಗೊಂಡ. 1893ರಲ್ಲಿ ವಿಲ್ಹೆಲ್ಮ್ ಮೇಬ್ಯಾಕ್ ಪೆಟ್ರೋಲನ್ನ ಸಣ್ಣ ತೂತಿನಿಂದ ಗಾಳಿಗೆ ಚಿಮುಕಿಸೋ ಕಾರ್ಬೊರೇಟರ್ ಮಾಡಿದ. ಅಲ್ಲಿಂದ ಸುಮಾರು ನೂರು ವರ್ಷ ಕಾರ್ಬೊರೇಟರ್‌ದೇ ರಾಜ್ಯ. ನಮ್ಮ ಅಂಬಾಸಿಡರ್, ಫಿಯೆಟ್, ಆಮೇಲೆ 1983ರ ಡಿಸೆಂಬರ್ 14ರಂದು ಬಂದ ಮಾರುತಿ 800, ಎಲ್ಲದರಲ್ಲೂ ಅದೇ.

ಕಾರ್ಬೊರೇಟರ್ ಕಾರಲ್ಲಿ ಐಡ್ಲಿಂಗ್‌ನ ನೀರುಗಂಟಿ ಅಂದ್ರೆ ಒಂದು ಸ್ಕ್ರೂ. ಥ್ರಾಟಲ್ ಬಿಲ್ಲೆ ಪೂರ್ತಿ ಮುಚ್ಚದ ಹಾಗೆ ಅದು ತಡೆದು ಹಿಡಿಯುತ್ತೆ. ಬಿಗಿ ಮಾಡಿದ್ರೆ ಐಡ್ಲಿಂಗ್ ಏರುತ್ತೆ, ಸಡಿಲ ಮಾಡಿದ್ರೆ ಇಳಿಯುತ್ತೆ. ಪಕ್ಕದಲ್ಲಿ ಗಾಳಿ–ಪೆಟ್ರೋಲ್ ಹದ ಮಾಡೋಕೆ ಇನ್ನೊಂದು ಸ್ಕ್ರೂ. ಒಳಗೆ ಕೂದಲೆಳೆಯಷ್ಟು ಸಣ್ಣ ತೂತಿನ ಹಿತ್ತಾಳೆ ಜೆಟ್‌ಗಳು. ಹಿತ್ತಾಳೆ ಅಂದಾಗ ನನಗೆ ನಾಗಮಂಗಲ ನೆನಪಾಗುತ್ತೆ. ಲೋಹದ ವಿಗ್ರಹ, ಹಿತ್ತಾಳೆ ಕೆಲಸಕ್ಕೆ ಹೆಸರಾದ ಊರು ಅದು. ಲೋಹದ ದನಿ ಕೇಳಿಯೇ ಅದರ ಹದ ಹೇಳೋ ಜನ ಅಂಥ ಊರುಗಳಲ್ಲಿರ್ತಾರೆ. ಹಳೇ ಕಾರ್ಬೊರೇಟರ್ ಮೆಕ್ಯಾನಿಕ್‌ಗಳದ್ದೂ ಅದೇ ಜಾತಿಯ ವಿದ್ಯೆ. ಕೈಯಲ್ಲೊಂದು ಸ್ಕ್ರೂಡ್ರೈವರ್, ತಲೆ ಬಾನೆಟ್ ಒಳಗೆ, ಕಿವಿ ಇಂಜಿನ್ ಕಡೆ. ಕಾಲು ಸುತ್ತು ಆಚೆ, ಅರ್ಧ ಸುತ್ತು ಈಚೆ. ‘ಈಗ ನೋಡಿ ಸಾ’ ಅಂತ ಕೈ ತೆಗೆದ್ರೆ ಇಂಜಿನ್ ಓಡ್ತಿದೆಯೋ ಇಲ್ವೋ ಅನ್ನಿಸ್ಬೇಕು.

ಆ ಕಾಲದಲ್ಲಿ ಥ್ರಾಟಲ್ ಹಿಡ್ಕೊಳ್ಳೋಕೆ ಕಾರಣಗಳು ಕಣ್ಣಿಗೆ ಕಾಣ್ತಿದ್ವು. ಕೇಬಲ್ ತುಕ್ಕು ಹಿಡಿದಿರುತ್ತೆ, ಎಳೆ ಬಿಚ್ಚಿಕೊಂಡು ಸಿಕ್ಕಿ ಹಾಕ್ಕೊಂಡಿರುತ್ತೆ, ರಿಟರ್ನ್ ಸ್ಪ್ರಿಂಗ್ ಸೊರಗಿರುತ್ತೆ, ಸರಳು ಸವೆದಿರುತ್ತೆ, ಬೆಳಿಗ್ಗೆ ಎಳೆದ ಚೋಕನ್ನ ಒಳಗೆ ತಳ್ಳೋದು ಮರೆತುಹೋಗಿರುತ್ತೆ. ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿ, ಎಣ್ಣೆ ಬಿಟ್ಟು ಸರಿ ಮಾಡಬಹುದಿತ್ತು.

ಕೋರ್ಟಿನ ಆದೇಶ, ಸ್ಕ್ರೂ ಮಾಯ

ಆಮೇಲೆ ಎಲ್ಲ ಬದಲಾಯ್ತು. ಬದಲಾವಣೆ ಶುರುವಾಗಿದ್ದು ಹೊಗೆಯಿಂದ. 1999ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಸುತ್ತಮುತ್ತಲಿನ ಪ್ರದೇಶಕ್ಕೆ ಒಂದು ಗಡುವು ಹಾಕ್ತು: ಜೂನ್ 1ರಿಂದ ಖಾಸಗಿ ಕಾರುಗಳು ಯೂರೋ–1 ಮಟ್ಟದಲ್ಲಿರಬೇಕು, 2000ದ ಏಪ್ರಿಲ್‌ನಿಂದ ಯೂರೋ–2. ಸ್ಕ್ರೂ ತಿರುಗಿಸಿ, ಕಿವಿಯಲ್ಲಿ ಕೇಳಿ ಆ ಲೆಕ್ಕ ಮುಟ್ಟೋದು ಕಷ್ಟ. ಕಂಪನಿಗಳು ಎಂಪಿಎಫ್‌ಐ ಕಡೆ ತಿರುಗಿದ್ವು. ಅಂದ್ರೆ ಪ್ರತಿ ಸಿಲಿಂಡರಿಗೂ ಒಂದು ಇಂಜೆಕ್ಟರ್, ಲೆಕ್ಕ ಹಾಕೋಕೆ ಒಂದು ಕಂಪ್ಯೂಟರ್. 2010ರಲ್ಲಿ ದೊಡ್ಡ ನಗರಗಳಿಗೆ, 2017ರಲ್ಲಿ ದೇಶಕ್ಕೆಲ್ಲ ಬಿಎಸ್–4. 2020ರ ಏಪ್ರಿಲ್‌ನಿಂದ ಬಿಎಸ್–6. ಆಗ ಬೈಕು, ಸ್ಕೂಟರ್‌ಗಳ ಕಾರ್ಬೊರೇಟರ್ ಕೂಡ ಹೋಯ್ತು. ನಿಮ್ಮ ಹೊಸ ಸ್ಕೂಟರ್‌ನಲ್ಲಿರೋದೂ ಥ್ರಾಟಲ್ ಬಾಡಿಯೇ. ಮಾರುತಿ 800, ಅಂಬಾಸಿಡರ್ ಎರಡೂ 2014ರಲ್ಲಿ ನಿಂತುಹೋದ್ವು.

ಸ್ಕ್ರೂ ಇದ್ದ ಜಾಗಕ್ಕೆ ಇಸಿಯು ಬಂತು. ಮೊದಮೊದಲು ಥ್ರಾಟಲ್ ಬಿಲ್ಲೆಯ ಪಕ್ಕದಲ್ಲೊಂದು ಅಡ್ಡದಾರಿ ಇರ್ತಿತ್ತು. ಅದರ ಬಾಗಿಲು ಕಾಯೋಕೆ ‘ಐಡಲ್ ಏರ್ ಕಂಟ್ರೋಲ್ ವಾಲ್ವ್’ ಅನ್ನೋ ಪುಟ್ಟ ಮೋಟಾರು. ಆಮೇಲೆ ಕೇಬಲ್ಲೇ ಹೋಯ್ತು. ಇವತ್ತು ನೀವು ಒತ್ತೋದು ಪೆಡಲಿನ ಸೆನ್ಸರ್. ಥ್ರಾಟಲ್ ತೆರೆಯೋದು ಒಂದು ಮೋಟಾರು. ನಡುವೆ ಇರೋದು ಬರೀ ವೈರು.

ಇಲ್ಲೊಂದು ವಿಚಿತ್ರ ನೋಡಿ. ಇಂಜಿನ್ನಿನ ಹೊಟ್ಟೆಯಿಂದ ಬರೋ ಎಣ್ಣೆಯ ಆವಿಯನ್ನ ಹೊರಗೆ ಬಿಡದೆ ಮತ್ತೆ ಗಾಳಿಯ ದಾರಿಗೇ ತಿರುಗಿಸ್ತಾರೆ, ಪರಿಸರಕ್ಕೆ ಒಳ್ಳೇದು ಅಂತ. ಆ ಆವಿ, ಒಂದಿಷ್ಟು ಧೂಳು ಸೇರಿ ಥ್ರಾಟಲ್ ಬಿಲ್ಲೆಯ ಅಂಚಿಗೆ ಕಪ್ಪು ಜಿಗುಟಾಗಿ ಕೂರುತ್ತೆ. ಆಲೆಮನೆ ಕೊಪ್ಪರಿಗೆಯ ಅಂಚಿಗೆ ಪಾಕ ಅಂಟಿದ ಹಾಗೆ. ಬಿಲ್ಲೆ ಮುಚ್ಚಿದಾಗ ಅಂಟಿಕೊಳ್ಳುತ್ತೆ, ಪೆಡಲ್ ಒತ್ತಿದ್ರೆ ಮೊದಲು ಬರಲ್ಲ, ಆಮೇಲೆ ಗಕ್ಕನೆ ಬಿಟ್ಟು ಗಾಡಿ ಜಿಗಿಯುತ್ತೆ. ಕೆಲವು ಸಲ ಪೂರ್ತಿ ಮುಚ್ಚೋಕೇ ಬಿಡಲ್ಲ.

2009: ಒಂದು ಮ್ಯಾಟಿನ ಬೆಲೆ

ಕೇಬಲ್ ಹೋಗಿ ವೈರು ಬಂದಾಗ ಜನರಿಗೆ ಭಯ ಹುಟ್ಟಿತು. ಕಂಪ್ಯೂಟರ್ರೇ ತಲೆ ಕೆಟ್ಟು ಥ್ರಾಟಲ್ ತೆಗೆದ್ರೆ? 2009ರ ಆಗಸ್ಟ್ 28ರಂದು ಅಮೆರಿಕದ ಸ್ಯಾನ್ ಡಿಯಾಗೋ ಹತ್ತಿರ ಒಂದು ಲೆಕ್ಸಸ್ ಕಾರು ನಿಲ್ಲದೆ ಓಡಿ ಅಪಘಾತವಾಗಿ ನಾಲ್ವರು ಸತ್ತರು. ಓಡಿಸ್ತಿದ್ದವರು ಹೆದ್ದಾರಿ ಗಸ್ತಿನ ಪೊಲೀಸ್ ಅಧಿಕಾರಿ, ಅಂದ್ರೆ ಡ್ರೈವಿಂಗ್ ಬಲ್ಲವರೇ. ಅದು ಶೋರೂಮಿನವರು ತಾತ್ಕಾಲಿಕವಾಗಿ ಕೊಟ್ಟಿದ್ದ ಕಾರು. ಅದರಲ್ಲಿ ಬೇರೆ ಮಾಡೆಲ್‌ನ ರಬ್ಬರ್ ಮ್ಯಾಟ್ ಹಾಕಿದ್ರು. ಪೆಡಲ್ ಅದಕ್ಕೆ ಸಿಕ್ಕಿಕೊಂಡಿತ್ತು.

ಆಮೇಲೆ ಟೊಯೋಟ ಲಕ್ಷಗಟ್ಟಲೆ ಕಾರುಗಳನ್ನ ವಾಪಸ್ ಕರೆಸ್ತು. ಮೊದಲು ಮ್ಯಾಟಿಗಾಗಿ, 2010ರ ಜನವರಿಯಲ್ಲಿ ಹಿಡಿದುಕೊಳ್ಳೋ ಪೆಡಲಿಗಾಗಿ. ಅಮೆರಿಕ ಸರ್ಕಾರ ನಾಸಾದ ಇಂಜಿನಿಯರ್‌ಗಳನ್ನೇ ತನಿಖೆಗೆ ಕರೀತು. 2011ರ ಫೆಬ್ರುವರಿಯಲ್ಲಿ ವರದಿ ಬಂತು: ಹೀಗೆ ಪೂರ್ತಿ ಥ್ರಾಟಲ್ ತೆರೆದುಕೊಳ್ಳೋಕೆ ಎಲೆಕ್ಟ್ರಾನಿಕ್ಸ್ ಕಾರಣ ಅನ್ನೋಕೆ ಪುರಾವೆ ಸಿಗಲಿಲ್ಲ, ಸಿಕ್ಕಿದ್ದು ಮ್ಯಾಟು ಮತ್ತು ಪೆಡಲು. ವಿವಾದ ಅಲ್ಲಿಗೇ ಮುಗೀಲಿಲ್ಲ. 2013ರಲ್ಲಿ ಒಕ್ಲಹೋಮಾದ ಒಂದು ಕೇಸಲ್ಲಿ ಜ್ಯೂರಿ ಟೊಯೋಟ ವಿರುದ್ಧ ತೀರ್ಪು ಕೊಡ್ತು, ಅಲ್ಲಿ ವಾದ ನಡೆದಿದ್ದು ಸಾಫ್ಟ್‌ವೇರ್ ಮೇಲೆ. 2014ರಲ್ಲಿ ಸುರಕ್ಷತೆ ಬಗ್ಗೆ ಜನರಿಗೆ ತಪ್ಪು ಮಾಹಿತಿ ಕೊಟ್ಟ ಪ್ರಕರಣದಲ್ಲಿ ಕಂಪನಿ 120 ಕೋಟಿ ಡಾಲರ್ ದಂಡ ಕಟ್ಟೋಕೆ ಒಪ್ಪಿಕೊಳ್ತು. ಬ್ರೇಕ್ ಒತ್ತಿದ ತಕ್ಷಣ ಇಂಜಿನ್ ಶಕ್ತಿ ತಗ್ಗಿಸೋ ವ್ಯವಸ್ಥೆ ಕಾರುಗಳಲ್ಲಿ ಸಾಮಾನ್ಯ ಆಗಿದ್ದು ಇದಾದ ಮೇಲೆ.

ಜಗತ್ತಿನ ಅತಿ ಬುದ್ಧಿವಂತ ಇಂಜಿನಿಯರ್‌ಗಳು ತಿಂಗಳುಗಟ್ಟಲೆ ಹುಡುಕಿದಾಗ ಮೊದಲು ಕೈಗೆ ಸಿಕ್ಕಿದ್ದು ಒಂದು ರಬ್ಬರ್ ಮ್ಯಾಟ್. ಮನೆ ಮುಂದೆ ಗಾಡಿ ರೇಸ್ ಹಿಡ್ಕೊಂಡಾಗ ನಾವು ಎಲ್ಲಿಂದ ಶುರು ಮಾಡಬೇಕು ಅನ್ನೋದಕ್ಕೆ ಇದಕ್ಕಿಂತ ಉತ್ತರ ಬೇಕಾ?

ಹುಡುಕೋ ಕ್ರಮ

ನಮ್ಮ ಮನೆಯ ಪೆಟ್ರೋಲ್ ಕಾರನ್ನ ಒಂದು ಸಲ ಸರ್ವೀಸಿಗೆ ಬಿಟ್ಟಿದ್ವಿ. ಥ್ರಾಟಲ್ ಬಾಡಿ ಕ್ಲೀನ್ ಮಾಡಿ ಕೊಟ್ರು. ವಾಪಸ್ ಬಂದ ಮೇಲೆ ಐಡ್ಲಿಂಗ್ 1,700. ಮತ್ತೆ ಹೋದ್ರೆ ‘ಥ್ರಾಟಲ್ ಬಾಡಿ ಪೂರ್ತಿ ಬದಲಾಯಿಸ್ಬೇಕು’ ಅಂದ್ರು. ದೊಡ್ಡ ಮೊತ್ತ. ಕೆ.ಆರ್.ಪೇಟೆ ರಸ್ತೇಲಿ ಒಬ್ಬ ಮೆಕ್ಯಾನಿಕ್ ಹತ್ರ ತೋರಿಸಿದೆ. ಕಾರಿನ ಸುತ್ತ ಒಂದು ಸುತ್ತು ಬಂದು, ‘ಕ್ಲೀನ್ ಮಾಡಿದ್ಮೇಲೆ ಹಿಂಗಾಗಿದ್ದಾ ಸಾ?’ ಅಂತ ಕೇಳಿದ್ರು. ಹೌದು ಅಂದೆ. ‘ಹಂಗಾದ್ರೆ ಏನೂ ಹೋಗಿಲ್ಲ ಬುಡಿ. ಅದು ಇನ್ನೂ ಹಳೇ ಲೆಕ್ಕದಾಗೈತೆ’ ಅಂತ ಸ್ಕ್ಯಾನರ್ ಚುಚ್ಚಿದ್ರು. ಹತ್ತು ನಿಮಿಷದಲ್ಲಿ ಮುಳ್ಳು 800ಕ್ಕೆ ಬಂತು.

ಏನಾಗಿತ್ತು ಅಂದ್ರೆ, ಜಿಗುಟು ಕಟ್ಟುತ್ತಾ ಹೋದ ಹಾಗೆ ಇಸಿಯು ಬಿಲ್ಲೆಯನ್ನ ಸ್ವಲ್ಪ ಸ್ವಲ್ಪ ಜಾಸ್ತಿ ತೆರೆದಿಡೋಕೆ ಕಲಿತಿರುತ್ತೆ. ಹೂಳು ತುಂಬಿದ ನಾಲೆಗೆ ನೀರುಗಂಟಿ ತೂಬು ಜಾಸ್ತಿ ಎತ್ತಿದ ಹಾಗೆ. ಹೂಳು ತೆಗೆದಾಗ ತೂಬು ಅಷ್ಟೇ ಎತ್ತರದಲ್ಲಿದ್ರೆ? ನೀರು ನುಗ್ಗುತ್ತೆ. ಅದಕ್ಕೇ ಕ್ಲೀನ್ ಮಾಡಿದ ಮೇಲೆ ಅದಕ್ಕೆ ಹೊಸ ಲೆಕ್ಕ ಕಲಿಸಬೇಕು. ಕೆಲವು ಕಾರು ಓಡ್ತಾ ಓಡ್ತಾ ತಾವೇ ಕಲೀತವೆ, ಕೆಲವಕ್ಕೆ ಸ್ಕ್ಯಾನರ್ ಬೇಕು.

ಈಗ ಕ್ರಮ ಹೇಳ್ತೀನಿ. ಸುಲಭದ್ದು, ಕಾಸಿಲ್ಲದ್ದು ಮೊದಲು.

ಮೊದಲು, ಇದು ಕಾಯಿಲೆನಾ ಅಂತ ನೋಡಿ. ತಣ್ಣಗಿರೋ ಇಂಜಿನ್ ಶುರುವಾದಾಗ 1,200, 1,500ರಲ್ಲಿ ಓಡೋದು ಸಹಜ. ಬಿಸಿಯಾದ ಮೇಲೂ ಇಳೀದಿದ್ರೆ ಮಾತ್ರ ತೊಂದರೆ. ಎ.ಸಿ. ಹಾಕಿದಾಗ ಸ್ವಲ್ಪ ಏರೋದೂ ಸಹಜ.

ಎರಡನೇದು, ಕಾಲಡಿ. ಮ್ಯಾಟು ಸರಿದಿದೆಯಾ, ಒಂದರ ಮೇಲೊಂದು ಎರಡು ಮ್ಯಾಟ್ ಹಾಕಿದೀರಾ, ಪೆಡಲ್ ಹಿಂದೆ ನೀರಿನ ಬಾಟಲಿ ಉರುಳಿದೆಯಾ ನೋಡಿ.

ಮೂರನೇದು, ಕೇಬಲ್ ಇರೋ ಹಳೇ ಗಾಡಿಯಾದ್ರೆ ಇಂಜಿನ್ ಆಫ್ ಮಾಡಿ, ಬಾನೆಟ್ ತೆಗೆದು, ಒಬ್ಬರು ಪೆಡಲ್ ಒತ್ತಿ ಬಿಡ್ತಿರುವಾಗ ನೋಡಿ. ಬಿಲ್ಲೆಯ ಸನ್ನೆ ಟಪ್ ಅಂತ ವಾಪಸ್ ಬಂದು ತಡೆಗೆ ಬಡೀಬೇಕು. ನಿಧಾನವಾಗಿ ಬಂದ್ರೆ ಕೇಬಲ್, ಸ್ಪ್ರಿಂಗ್ ಅಥವಾ ಜಿಗುಟು. ಕೇಬಲ್ ಅತಿ ಬಿಗಿ ಇದ್ರೂ ಇದೇ ತೊಂದರೆ.

ನಾಲ್ಕನೇದು, ಕಳ್ಳಗಾಳಿ. ಥ್ರಾಟಲ್ ದಾಟಿದ ಮೇಲೆ ಎಲ್ಲಾದ್ರೂ ಹೋಸ್ ಸೀಳಿದ್ರೆ, ಗ್ಯಾಸ್ಕೆಟ್ ಹೋಗಿದ್ರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತೆ. ನಾಲೆಯ ದಂಡೆ ಒಡೆದ ಹಾಗೆ. ಸುಸ್ ಅನ್ನೋ ಶಬ್ದಕ್ಕೆ ಕಿವಿ ಕೊಡಿ. ಕಬ್ಬಿನ ಗದ್ದೆ ಪಕ್ಕ ಗಾಡಿ ನಿಲ್ಲಿಸೋರು ಇಲಿ ಕಡಿದಿದೆಯಾ ಅಂತ ಮರೀದೆ ನೋಡಿ.

ಐದನೇದು, ಜಿಗುಟು ತೆಗೆಯೋದು. ಮೋಟಾರ್ ಇರೋ ಹೊಸ ಥ್ರಾಟಲ್‌ನ ಬಿಲ್ಲೆಯನ್ನ ಬೆರಳಲ್ಲಿ ಒತ್ತಿ ತಿರುಗಿಸೋಕೆ ಹೋಗಬೇಡಿ. ಒಳಗಿನ ಗೇರು ಹಾಳಾಗಬಹುದು, ಬೆರಳೂ ಸಿಕ್ಕಿಕೊಳ್ಳಬಹುದು. ಇದನ್ನ ಬಲ್ಲವರ ಕೈಗೆ ಬಿಡಿ.

ಆರನೇದು, ಸ್ಕ್ಯಾನರ್. ಐಡ್ಲಿಂಗ್ ಇರಬೇಕಾದ್ದಕ್ಕಿಂತ ಜಾಸ್ತಿ ಇದ್ರೆ ‘ಪಿ0507’ ಅನ್ನೋ ಕೋಡ್ ಬರಬಹುದು. ಅದು ದೂರಿನ ಹೆಸರು ಅಷ್ಟೇ, ಕಾರಣ ಅಲ್ಲ. ‘ಜ್ವರ ಇದೆ’ ಅಂದ ಹಾಗೆ. ಇಂಜಿನ್ ಬಿಸಿ ಹೇಳೋ ಸೆನ್ಸರ್ ಕೆಟ್ಟು, ಬಿಸಿ ಇಂಜಿನ್ನನ್ನ ತಣ್ಣಗಿದೆ ಅಂತ ಹೇಳ್ತಿದ್ರೂ ಐಡ್ಲಿಂಗ್ ಏರುತ್ತೆ. ಕೋಡ್ ನೋಡಿ ನೇರ ಪಾರ್ಟ್ ಬದಲಾಯಿಸೋಕೆ ಒಪ್ಪಬೇಡಿ. ‘ಏನೇನು ಚೆಕ್ ಮಾಡಿದ್ರಿ?’ ಅಂತ ಕೇಳಿ.

ಓಡ್ತಿರುವಾಗಲೇ ಹಿಡ್ಕೊಂಡ್ರೆ

ಈ ಭಾಗವನ್ನ ನಿಮ್ಮ ಮನೇಲಿ ಗಾಡಿ ಓಡಿಸೋ ಎಲ್ಲರಿಗೂ ಕೇಳಿಸಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸು ವಿಸಿ ನಾಲೆಗೆ ಬಿದ್ದು 30 ಜನ ಸತ್ತರು. ಅದನ್ನ ಥ್ರಾಟಲ್‌ಗೆ ಜೋಡಿಸ್ತಿಲ್ಲ. ನಾನು ಹೇಳ್ತಿರೋದು ಈ ರಸ್ತೆಗಳ ಬಗ್ಗೆ. ಒಂದು ಪಕ್ಕ ಗದ್ದೆ, ಇನ್ನೊಂದು ಪಕ್ಕ ತುಂಬಿ ಹರಿಯೋ ನಾಲೆ ಇರೋ ಕಡೆ, ಮಾತು ಕೇಳದ ಗಾಡಿಗೆ ಕೆಲವೇ ಸೆಕೆಂಡ್ ಸಿಗುತ್ತೆ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ನೂರರ ವೇಗದಲ್ಲಿ ಹೋಗ್ತಿದ್ರೆ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ದಾಟಿರ್ತೀರಿ.

ಕಾಲು ತೆಗೆದ್ರೂ ಗಾಡಿ ಏರ್ತಿದ್ರೆ ಬ್ರೇಕ್ ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡೀರಿ. ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಬೇಡಿ. ಬ್ರೇಕಿಗೆ ಬಲ ಕೊಡೋ ಬೂಸ್ಟರ್ ಇಂಜಿನ್ನಿನ ಹೀರುವಿಕೆಯಿಂದ ಕೆಲಸ ಮಾಡುತ್ತೆ. ಥ್ರಾಟಲ್ ಪೂರ್ತಿ ತೆರೆದಿದ್ರೆ ಹೀರುವಿಕೆ ಇರಲ್ಲ, ಎರಡು ಮೂರು ಸಲ ಪಂಪ್ ಮಾಡಿದ್ರೆ ಉಳಿದ ಬಲವೂ ಖಾಲಿ. ಜೊತೆಗೇ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ಹಾಕಿ. ಆಟೋಮ್ಯಾಟಿಕ್ ಆದ್ರೆ ಲಿವರ್ ‘ಎನ್’ಗೆ ತಳ್ಳಿ. ಇಂಜಿನ್ ಕಿರುಚುತ್ತೆ, ಕಿರುಚಲಿ. ಚಕ್ರಕ್ಕೆ ಶಕ್ತಿ ಹೋಗಲ್ಲ. ಎಡಕ್ಕೆ ಬಂದು ನಿಂತ ಮೇಲೆ ಇಂಜಿನ್ ಆಫ್ ಮಾಡಿ. ಓಡ್ತಿರುವಾಗ ಕೀ ಹೊರಗೆ ತೆಗೀಬೇಡಿ, ಸ್ಟೀರಿಂಗ್ ಲಾಕ್ ಆಗುತ್ತೆ. ಬಗ್ಗಿ ಕೈಯಲ್ಲಿ ಪೆಡಲ್ ಎಳೆಯೋಕೂ ಹೋಗಬೇಡಿ.

ಕೊನೇ ಮಾತು

ಎರಡು ಗುಂಡು, ಒಂದು ಸ್ಕ್ರೂ, ಒಂದು ಚಿಪ್. 1788ರಿಂದ ಇವತ್ತಿನ ತನಕ ನೀರುಗಂಟಿಗಳು ಬದಲಾದ್ರು, ಕೆಲಸ ಬದಲಾಗಲಿಲ್ಲ. ಗಾಳಿ ಶುದ್ಧವಾಗಿದೆ, ಪೆಟ್ರೋಲ್ ಉಳಿದಿದೆ, ಬೆಳಿಗ್ಗೆ ಚೋಕ್ ಎಳೆಯೋ ಗೋಳಿಲ್ಲ. ಇದೆಲ್ಲ ಲಾಭ. ಆದ್ರೆ ಮೊದಲು ನೀರುಗಂಟಿ ಕಣ್ಣಿಗೆ ಕಾಣ್ತಿದ್ದ, ಈಗ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂತಿದ್ದಾನೆ. ಅವನ ಜೊತೆ ಮಾತಾಡೋಕೆ ಬೇಕಾದ ಸ್ಕ್ಯಾನರ್, ಸಾಫ್ಟ್‌ವೇರ್ ಹೋಬಳಿ ಮಟ್ಟದ ಗ್ಯಾರೇಜಿಗೆ ಸುಲಭವಾಗಿ ಸಿಗಬೇಕು. ಇಲ್ಲದಿದ್ರೆ ಹತ್ತು ನಿಮಿಷದ ಕೆಲಸಕ್ಕೆ ಸಾವಿರಾರು ರೂಪಾಯಿಯ ಬಿಲ್ ಬರ್ತಾನೇ ಇರುತ್ತೆ, ಕಿವಿಯಿಂದ ಇಂಜಿನ್ ಓದೋ ಜನರ ವಿದ್ಯೆಯೂ ಮುಂದಿನ ತಲೆಮಾರಿಗೆ ದಾಟಲ್ಲ. ಆ ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚೋಕೆ ಮುಂಚೆ ಒಂದು ಪ್ರಶ್ನೆ ಕೇಳಿದ್ರಲ್ಲ, ಅರ್ಧ ಕೆಲಸ ಮುಗಿದಿದ್ದು ಅಲ್ಲೇ.

ಇವತ್ತಿನ ಸಂಚಿಕೆ ಇಷ್ಟು. ಇಷ್ಟವಾದ್ರೆ ಗಾಡಿ ಓಡಿಸೋ ಗೆಳೆಯರಿಗೆ ಕಳಿಸಿ. ಮುಂದಿನ ಸಲ ಸ್ಟಾರ್ಟ್ ಮಾಡೋಕೆ ಮುಂಚೆ ಒಂದು ಸಲ ಬಗ್ಗಿ ಮ್ಯಾಟ್ ನೋಡಿ.